ರಟ್ಟಿನ ಕೋಳಿ, ಕಾಗದದ ಕೋಳಿ

ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನು ಆಡಬೇಕಾದರೂ ಅಂಗಳ ದಾಟಿ ಹೋಗಬೇಕಿತ್ತು. ಅಂಥ ಮನೆಯೊಳಗೆ ನಾನು ಕೋಳಿ ಸಾಕುವ ವಿದ್ಯೆಯ ಇಂಗ್ಲಿಷ್ ಪುಸ್ತಕವೊಂದನ್ನು ಎಷ್ಟೋ ಕಾಲ ಇಟ್ಟುಕೊಂಡಿದ್ದೆ. ಅದರ ಮುಖದ ಮೇಲೆ ಕೆಂಪು ಜುಟ್ಟಿನ ಹೇಂಟೆಯೊಂದು ನಮ್ಮ ಅಜ್ಜಿಯನ್ನೇ ದುರುಗುಟ್ಟಿ ನೋಡುವ ಹಾಗೆ ಕೂತಿತ್ತು. ಅದು ಕಾಣದಂತೆ ಹಿಂದೆ ಮುಂದೆ ಕಂದು ಕಾಗದದ ಬೈಂಡು ಹಾಕಿ, ಮೇಲೆ ‘ಸಾಮಾನ್ಯ ವಿಜ್ಞಾನ’ ಎಂದು ದಪ್ಪಗೆ ಬರೆದಿದ್ದೆ. ಆಯುಧಪೂಜೆಯ ದಿನ ಮಚ್ಚು, ಕುಡುಗೋಲು, ಪಂಪ್‌ಸೆಟ್ಟುಗಳಿಗೆ ಪೂಜೆಯಾದ ಮೇಲೆ ಅಜ್ಜಿಯ ಕಣ್ಣು ಅದರ ಮೇಲೆ ಬಿತ್ತು.

“ಹಗಲೆಲ್ಲಾ ಅದನ್ನೇ ಹಿಡ್ಕಂಡು ಕೂತಿರ್ತಾನೆ ಪಾಪ. ಅದಕ್ಕೂ ಒಂದು ಹೂವ ಇಡ್ರೇ,” ಎಂದಳು.

ಹೂವಿಟ್ಟರು. ವಿಭೂತಿ ಬಳಿದರು. ನಾನು ಕಣ್ಣು ಮುಚ್ಚಿ ಕೈಮುಗಿದೆ. ನಮ್ಮ ವಂಶದಲ್ಲಿ ಕೋಳಿಯೊಂದಕ್ಕೆ ಮಂಗಳಾರತಿ ಆಗಿದ್ದು ಅದೇ ಮೊದಲು, ಬಹುಶಃ ಅದೇ ಕೊನೆ.

ಇದು ಎಂಬತ್ತರ ದಶಕದ ನಡುವಿನ ಮಾತು. ನೊಣವಿನಕೆರೆಯಲ್ಲಿ ಬಸ್ಸಿಳಿದು ತೋಟಗಳ ನಡುವೆ ಒಳಕ್ಕೆ ನಡೆದರೆ ಸಿಗುವ ಊರು ನಮ್ಮದು. ನಾನು ಪದವಿ ಮುಗಿಸಿದ್ದೆ ಎಂದು ಮನೆಯವರು ಹೇಳಿಕೊಳ್ಳುತ್ತಿದ್ದರು. ಪರೀಕ್ಷೆಯ ಒಂದು ವಿಷಯ ಮಾತ್ರ ನನ್ನ ಮೇಲಿನ ಪ್ರೀತಿಯಿಂದ ಇನ್ನೂ ನನ್ನನ್ನು ಬಿಟ್ಟಿರಲಿಲ್ಲ. ತೋಟಕ್ಕೆ ನೀರು ಬಿಡುವುದು, ಅಟ್ಟದ ಮೇಲೆ ಒಣಗುತ್ತಿದ್ದ ಕಾಯಿಗಳನ್ನು ಅಲ್ಲಾಡಿಸಿ ಕೊಬ್ಬರಿಯಾಯಿತೇ ಎಂದು ಕಿವಿಗಿಟ್ಟು ಕೇಳುವುದು, ಇವು ನನ್ನ ಉದ್ಯೋಗ. ನನಗೆ ನಿಜವಾಗಿ ಬರುತ್ತಿದ್ದ ವಿದ್ಯೆ ಒಂದೇ: ಬೇರೆಯವರ ಹಾಗೆ ಮಾತಾಡುವುದು. ತುರುವೇಕೆರೆ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಎನ್ನುವ ರೀತಿ, ಕೊಬ್ಬರಿ ವ್ಯಾಪಾರಿ ಮಾಲು ಚೆನ್ನಾಗಿದ್ದರೂ ಮುಖ ಹಿಂಡುವ ರೀತಿ, ನಮ್ಮಪ್ಪ ಬಯ್ಯುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ರೀತಿ, ಎಲ್ಲವೂ ನನ್ನ ನಾಲಿಗೆಯ ಮೇಲಿದ್ದವು. ನನ್ನದೇ ದನಿ ಯಾವುದು ಎಂದು ಯಾರಾದರೂ ಕೇಳಿದ್ದರೆ ಹುಡುಕಿ ಹೇಳಬೇಕಿತ್ತು. ಯಾರೂ ಕೇಳಿರಲಿಲ್ಲ.

ನನಗೊಬ್ಬ ಗೆಳೆಯನಿದ್ದ. ಎರಡು ಮನೆ ಆಚೆಯವನು, ಒಂದೇ ಬೆಂಚಿನಲ್ಲಿ ಕೂತು ಓದಿದವನು. ಊರಿನವರೆಲ್ಲ ನನ್ನ ನಕಲಿಗೆ ಹೊಟ್ಟೆ ಹಿಡಿದು ನಗುತ್ತಿದ್ದರು. ಅವನು ಶಬ್ದ ಮಾಡದೆ ಭುಜ ಮಾತ್ರ ಕುಣಿಸುತ್ತಿದ್ದ. ನಕ್ಕು ಮುಗಿದ ಮೇಲೆ ತಪ್ಪು ಹುಡುಕುತ್ತಿದ್ದ. “ಕಂಡಕ್ಟ್ರು ಕೊನೇಲಿ ಮೂಗು ಎಳೀತಾನೆ ಕಣ್ಲಾ, ಅದನ್ನ ಬುಟ್ಟೆ ನೀನು.” ಮರುದಿನ ನಾನು ಮೂಗನ್ನೂ ಸೇರಿಸಿಕೊಂಡು ಬರುತ್ತಿದ್ದೆ. ನಗುವವರು ಎಲ್ಲ ಕಡೆ ಸಿಗುತ್ತಾರೆ. ಮೂಗು ಬಿಟ್ಟುಹೋಯಿತೆಂದು ಹೇಳುವವನು ಸಿಗುವುದು ಕಷ್ಟ.

ಅವನಿಗೆ ಹುಬ್ಬಳ್ಳಿ ಕಡೆಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅವನಪ್ಪ ಊರಿಗೆಲ್ಲ ಬೆಲ್ಲ ಹಂಚಿದರು. ನಮ್ಮಿಬ್ಬರಿಗೆ ಚಿಂತೆಯಾದದ್ದು ಕಾಗದದ ವಿಚಾರ. ನಮ್ಮೂರಿನ ಅಂಚೆ ಕಚೇರಿ ಎಂದರೆ ಪೋಸ್ಟ್ ಮೇಷ್ಟ್ರ ಮನೆಯ ಜಗುಲಿ. ಅಲ್ಲಿಗೆ ಬಂದ ಕಾರ್ಡನ್ನು ಅವರು ಮೊದಲು ತಾವು ಓದಿ, ಆಮೇಲೆ ಜಗುಲಿಯಲ್ಲಿ ಕೂತವರಿಗೆ ಓದಿ, ಉಳಿದರೆ ವಿಳಾಸದಾರನಿಗೆ ಕೊಡುತ್ತಿದ್ದರು. ಅದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಊರಿನ ಸುದ್ದಿ ಊರಿಗೆ ಸೇರಬೇಕು ಎಂಬ ಧರ್ಮ ಅವರದು. ಮುಚ್ಚಿದ ಇನ್‌ಲ್ಯಾಂಡ್ ಪತ್ರ ಬಂದರೆ ಇನ್ನೂ ಕಷ್ಟ. ಒಳಗೇನಿದೆಯೆಂದು ಗೊತ್ತಾಗದೆ ಊರವರು ತಾವೇ ಬರೆದುಕೊಳ್ಳುತ್ತಿದ್ದರು.

ಉಪಾಯ ಹೊಳೆದದ್ದು ಗೆಳೆಯನಿಗೆ. ಇಬ್ಬರ ಹತ್ತಿರವೂ ಒಂದೇ ಪುಸ್ತಕ ಇರಬೇಕು. ಹೇಳಬೇಕಾದ ಮಾತಿಗೆ ಹತ್ತಿರವಾದ ಸಾಲನ್ನು ಅದರಲ್ಲಿ ಹುಡುಕಿ, ಪುಟದ ಸಂಖ್ಯೆ, ಸಾಲಿನ ಸಂಖ್ಯೆ ಇಷ್ಟನ್ನೇ ಕಾರ್ಡಿನಲ್ಲಿ ಬರೆಯಬೇಕು. ಕಾಲೇಜಿನ ಪುಸ್ತಕವಾದರೆ ಪೋಸ್ಟ್ ಮೇಷ್ಟ್ರ ಮಗಳ ಹತ್ತಿರವೂ ಅದೇ ಇತ್ತು. ಹಾಗಾಗಿ ತಿಪಟೂರಿನ ಪುಸ್ತಕದಂಗಡಿಗೆ ಹೋದೆವು.

“ಒಂದೇ ಥರದ್ದು ಎರಡು ಪುಸ್ತಕ ಬೇಕಿತ್ತು,” ಎಂದೆ.

ಅಂಗಡಿಯ ಯಜಮಾನರು ಹಣೆಯ ಮೂರು ಗೆರೆ ವಿಭೂತಿಯ ಕೆಳಗಿಂದ ನೋಡಿದರು. “ಯಾವ ಪುಸ್ತಕನಪ್ಪ?”

“ಯಾವ್ದಾದ್ರೂ ಸರಿ.”

“ಯಾವ್ದಾದ್ರೂ ಸರಿ ಅನ್ನಕ್ಕೆ ಇದೇನು ಎಳನೀರಾ?”

“ಪಠ್ಯಪುಸ್ತಕ ಮಾತ್ರ ಬ್ಯಾಡಿ. ಜೋಡಿ ಇರ್ಬೇಕು,” ಎಂದ ಗೆಳೆಯ.

ಅವರು ಸ್ಟೂಲು ಹತ್ತಿ, ಮೇಲಿನ ಗೂಡಿನ ಹಿಂದಿನಿಂದ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗಂಟು ತೆಗೆದರು. ಬೆಂಗಳೂರಿನ ಪಾರ್ಸೆಲ್ಲಿನಲ್ಲಿ ತಪ್ಪಿ ಬಂದದ್ದಂತೆ. ಬಿಚ್ಚಿದರೆ ಎರಡು ಹೇಂಟೆಗಳು. ಯಜಮಾನರು ಮುಖ ಆ ಕಡೆ ತಿರುಗಿಸಿ, “ಸುಮ್ಕೆ ತಗಂಡ್ ಹೋಗ್ರಪ್ಪ, ಪುಣ್ಯ ಬರ್ತದೆ. ದಿನಾ ಇದರ ಕೆಳಗೇ ಕೂತು ವ್ಯಾಪಾರ ಮಾಡ್ತಾ ಇವ್ನಿ,” ಎಂದರು.

ಹೀಗೆ ನಮ್ಮ ಗೆಳೆತನ ಕೋಳಿಯ ಪಾಲಾಯಿತು.

ಅವನು ಹೋದ ಮೇಲೆ ಬಂದ ಮೊದಲ ಕಾರ್ಡನ್ನು ಪೋಸ್ಟ್ ಮೇಷ್ಟ್ರು ಓದಲು ಬಾಯಿ ತೆರೆದು ಹಾಗೇ ನಿಂತರು. “ಇದೇನ್ಲಾ ಇದು, ಮಗ್ಗಿಯಾ ಪಂಚಾಂಗವಾ?”

“ಚದುರಂಗ ಮೇಷ್ಟ್ರೇ. ಕಾಗದದಲ್ಲೇ ಆಡ್ತಾ ಇದೀವಿ.”

“ಯಾರು ಗೆಲ್ತಾವ್ರೆ?”

“ಇನ್ನೂ ಕುದುರೆ ಬಂದಿಲ್ಲ.”

ಮನೆಗೆ ಬಂದು ಪುಟ ತಿರುವಿದೆ. ‘ಹೊಸ ಗೂಡಿಗೆ ತಂದ ಹಕ್ಕಿಗಳು ಮೊದಮೊದಲು ಸರಿಯಾಗಿ ಮೇಯುವುದಿಲ್ಲ’ ಎಂದಿತ್ತು. ಅಲ್ಲಿನ ಊಟ ಹೇಗಿದೆ ಎಂಬುದಕ್ಕೆ ಇನ್ನೇನು ಬೇಕು. ನಾನು ನಮ್ಮಪ್ಪನ ವಿಷಯ ಬರೆದೆ: ‘ಮುದಿ ಹುಂಜ ಕಾರಣವಿಲ್ಲದೆ ಕುಕ್ಕುವುದುಂಟು.’ ಅವನಪ್ಪ ಅವನಿಗೆ ಹೆಣ್ಣು ನೋಡಲು ಚಿಕ್ಕನಾಯಕನಹಳ್ಳಿಗೆ ಹೋಗಿಬಂದಾಗ, ‘ಜೋಡಿ ಮಾಡುವ ಮುನ್ನ ಎರಡು ಕಡೆಯ ತೂಕವನ್ನೂ ನೋಡತಕ್ಕದ್ದು’ ಎಂದು ಎಚ್ಚರಿಸಿದೆ. ಅವನು ‘ಗೂಡಿನ ಬಾಗಿಲು ಭದ್ರವಾಗಿರಲಿ’ ಎಂದು ಉತ್ತರಿಸಿದ. ಆ ಪುಸ್ತಕದಲ್ಲಿ ಮನುಷ್ಯರಿಗೆ ಬೇಕಾದ ಎಲ್ಲ ಮಾತೂ ಇತ್ತು. ನನ್ನ ಇಂಗ್ಲಿಷ್ ಸುಧಾರಿಸಿದ್ದೂ ಅದರಿಂದಲೇ. ಈಗಲೂ ನಾನು ಇಂಗ್ಲಿಷಿನಲ್ಲಿ ಮಾತಾಡಿದರೆ ಎಲ್ಲೋ ಒಂದು ಕಡೆ ಕಾಳು ಹಾಕಿದಂತೆ ಕೇಳಿಸುತ್ತದೆ.

ಊರಿನಲ್ಲಿ ಚದುರಂಗದ ಮಾತನ್ನು ಯಾರೂ ನಂಬಲಿಲ್ಲ. ಆಗ ಓಸಿ ಎಂಬ ಅಂಕಿಯ ಜೂಜು ಎಲ್ಲ ಕಡೆ ಹಬ್ಬಿತ್ತು. ಹುಬ್ಬಳ್ಳಿಯಿಂದ ನನಗೆ ಒಳಗಿನ ನಂಬರು ಬರುತ್ತಿದೆ ಎಂದು ಜಗುಲಿಯಲ್ಲಿ ತೀರ್ಮಾನವಾಗಿತ್ತು. ಕ್ಷೌರದವನು ಕತ್ತಿ ನನ್ನ ಗಂಟಲ ಮೇಲಿಟ್ಟು, “ಈ ವಾರ ಯಾವ್ದು ಅಂತ ಹೇಳ್ಬುಡಣ್ಣ,” ಎಂದು ಕೇಳುತ್ತಿದ್ದ. ಗೂಡಿನ ಬಾಗಿಲ ಸಾಲಿನ ಅಂಕಿಯನ್ನು ಯಾರು ಜೂಜಿಗೆ ಕಟ್ಟಿ ಎಷ್ಟು ಕಳೆದುಕೊಂಡರೋ ನನಗೆ ಗೊತ್ತಿಲ್ಲ.

ಹೊರಗಿಂದ ನೋಡಿದರೆ ನಾನು ಆಗ ಊರಿನಲ್ಲೇ ಅತ್ಯಂತ ಮೋಜಿನ ಮನುಷ್ಯ. ಮದುವೆ ಮನೆಯಾಗಲಿ ಕಣವಾಗಲಿ, “ಅವರ ಥರ ಮಾಡು, ಇವರ ಥರ ಮಾಡು,” ಎಂದು ಕೇಳುವವರು ಇದ್ದೇ ಇರುತ್ತಿದ್ದರು. ಮಾಡುತ್ತಿದ್ದೆ. ನಗುತ್ತಿದ್ದರು. ಎದ್ದು ಹೋಗುತ್ತಿದ್ದರು. ತೋಟಕ್ಕೆ ನೀರು ಬಿಟ್ಟು ಒಬ್ಬನೇ ಕೂತಾಗ ನಾನು ಕೆಲವೊಮ್ಮೆ ಗೆಳೆಯನ ನಗುವನ್ನೇ ನಕಲು ಮಾಡುತ್ತಿದ್ದೆ. ಭುಜ ಕುಣಿಸುವುದು, ಅಷ್ಟೇ. ಸದ್ದಿಲ್ಲದ ನಗುವಿನ ನಕಲು ಯಾರಿಗೂ ಕೇಳಿಸುವುದಿಲ್ಲ. ಅದು ಸರಿಯಾಗಿ ಬಂತೋ ಇಲ್ಲವೋ ಎಂದು ಹೇಳಬೇಕಾದವನೂ ಅಲ್ಲಿರಲಿಲ್ಲ.

ಮುಂಗಾರು ಮುಗಿಯುವ ಹೊತ್ತಿಗೆ ಕಾರ್ಡುಗಳ ಧಾಟಿ ಬದಲಾಯಿತು. ಒಂದು ಕಾರ್ಡಿನ ಸಾಲು ತೆಗೆದು ನೋಡಿದರೆ, ‘ಇಂಥವನ್ನು ಹಿಂಡಿನಿಂದ ಬೇರೆಯಾಗಿ ಇಡತಕ್ಕದ್ದು.’ ನಾನು ನಕ್ಕು, ಇದೇನೋ ಹೊಸ ತಮಾಷೆ ಎಂದುಕೊಂಡೆ. ಆಮೇಲೆ ಇನ್ನೊಮ್ಮೆ ಓದಿದೆ. ‘ಯಾಕೆ, ಏನು ಕಾಯಿಲೆ?’ ಎಂಬರ್ಥ ಬರುವ ಸಾಲನ್ನು ಹುಡುಕಿ ಬರೆದೆ. ಅದಕ್ಕೆ ಬಂದ ಉತ್ತರ: ‘ಈ ತಳಿಯ ಹುಂಜ ಕೂಗುವುದು ಹೆಚ್ಚು, ಪ್ರಯೋಜನ ಕಡಿಮೆ.’

ಇದನ್ನು ಅಪ್ಪ ಹೇಳಿದ್ದರೆ ಅವರ ಗಂಟಲು ಸರಿಮಾಡಿಕೊಳ್ಳುವಿಕೆಯನ್ನೂ ಸೇರಿಸಿ ನಾಲ್ಕು ಜನಕ್ಕೆ ಮಾಡಿ ತೋರಿಸುತ್ತಿದ್ದೆ. ಅವನು ಹೇಳಿದ್ದರಿಂದ ಯಾರಿಗೂ ತೋರಿಸಲಾಗಲಿಲ್ಲ. ಕೂಗುವುದು ಹೆಚ್ಚು ಎಂಬುದು ನಿಜವೇ ಆಗಿತ್ತು. ಊರಿನಲ್ಲಿ ಕೂತು ಕಂಡಕ್ಟರನ ಮೂಗು ಎಳೆಯುವವನಿಗೂ ದೊಡ್ಡ ಗಿರಣಿಯ ಗುಮಾಸ್ತನಿಗೂ ಇನ್ನೇನು ಮಾತು ಉಳಿದಿರುತ್ತದೆ ಎಂದು ನನಗೆ ನಾನೇ ಕೇಳಿಕೊಂಡೆ.

ಮೂರನೆಯ ಕಾರ್ಡು ವಿಚಿತ್ರವಾಗಿತ್ತು. ಮೇಲ್ಗಡೆ ಒಂದೇ ಉದ್ದನೆಯ ಸಂಖ್ಯೆ, ಸೊನ್ನೆಯಿಂದ ಶುರು, ನಡುನಡುವೆ ಸಣ್ಣ ಗೀಟು, ಕೊನೆಯಲ್ಲಿ ಅಂಕಿಯ ಬದಲು ಒಂದು ಇಂಟು ಗುರುತು. ಅದರ ಕೆಳಗೆ ಎಂದಿನಂತೆ ಪುಟ, ಸಾಲು, ಆದರೆ ಎಂದಿಗಿಂತ ಹೆಚ್ಚು.

ಪೋಸ್ಟ್ ಮೇಷ್ಟ್ರು ಕಾರ್ಡನ್ನು ಬೆಳಕಿಗೆ ಹಿಡಿದು ಕೇಳಿದರು, “ಈ ಇಂಟೂನ ಯಾವ ಅಂಕಿ ಅಂತ ಹಿಡಿಯೋದ್ಲಾ?”

“ಅದು ಅಂಕಿ ಅಲ್ಲ ಮೇಷ್ಟ್ರೇ. ಆಟ ಮುಗೀತು ಅಂತ.”

ನಾನು ತಮಾಷೆಗೆ ಹೇಳಿದ್ದಲ್ಲ. ಪುಸ್ತಕದಲ್ಲಿ ಸೊನ್ನೆ ಪುಟ ಎಂಬುದೇ ಇರಲಿಲ್ಲ. ಕೆಳಗಿನ ಸಾಲುಗಳನ್ನು ತೆಗೆದರೆ ನೆಲಕ್ಕೆ ಸುಣ್ಣ ಹಾಕುವುದು, ಹೇನಿಗೆ ಪುಡಿ ಉದುರಿಸುವುದು, ಹಿಕ್ಕೆ ಬಳಿದು ಹೊರಗೆ ಎಸೆಯುವುದು, ಇವೇ ಬಂದವು. ಮೇಲೊಂದು ಇಂಟು. ಲೆಕ್ಕ ತಪ್ಪಿದರೆ ನಮ್ಮ ಸ್ಕೂಲಿನ ಮೇಷ್ಟ್ರು ಹಾಕುತ್ತಿದ್ದರಲ್ಲ, ಅದೇ ಇಂಟು. ನನ್ನನ್ನು ಹೊಡೆದು ಹಾಕಿದ್ದಾನೆ ಎಂದು ತಿಳಿದುಕೊಂಡೆ. ಕೋಪದಲ್ಲಿ ಪುಸ್ತಕವೆಲ್ಲ ತಡಕಾಡಿ ಅತ್ಯಂತ ಕಹಿಯಾದ ಸಾಲನ್ನು ಆರಿಸಿದೆ: ‘ಮೊಟ್ಟೆಯಿಡುವುದನ್ನು ಬಿಟ್ಟ ಕೋಳಿಗೆ ಕಾಳು ಹಾಕುವುದು ದಂಡ.’ ಅದರ ಪುಟ, ಸಾಲು ಬರೆದು ಅಂಚೆಗೆ ಹಾಕಿದೆ.

ಆಮೇಲೆ ಕಾರ್ಡು ಬರಲಿಲ್ಲ. ಬಾರದಿರಲಿ ಎಂದೇ ಬರೆದಿದ್ದೆ. ಆದರೂ ಬಸ್ಸಿನ ಸದ್ದಾದರೆ ಜಗುಲಿಯ ಕಡೆ ಹೋಗಿ ನಿಲ್ಲುತ್ತಿದ್ದೆ. ಕ್ಷೌರದವನು ಈಗ ಏನೂ ಕೇಳದೆ ಕತ್ತಿಯಾಡಿಸುತ್ತಿದ್ದ. ಅಟ್ಟದ ಕೆಳಗೆ ಮಲಗಿದರೆ ಮೇಲೆ ಕಾಯಿಗಳೊಳಗೆ ನೀರು ಇಂಗುತ್ತಿರುವುದು ನೆನಪಾಗುತ್ತಿತ್ತು. ಸುಮ್ಮನೆ ಬಿದ್ದಿರುವುದೇ ಅವುಗಳ ಕೆಲಸ. ವರ್ಷವೆಲ್ಲ ಬಿದ್ದಿದ್ದು ಕೊನೆಗೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗಿಟಗಿಟ ಎನ್ನುತ್ತವೆ. ನಾನು ಅಷ್ಟೂ ಅನ್ನುತ್ತಿರಲಿಲ್ಲ. ಯಾರಾದರೂ ನಕಲು ಮಾಡು ಎಂದರೆ, ಗಂಟಲು ಕಟ್ಟಿದೆ ಎನ್ನುತ್ತಿದ್ದೆ.

ಒಂದು ಸಂತೆಯ ದಿನ ತಿಪಟೂರಿಗೆ ಕೊಬ್ಬರಿ ಹಾಕಿ, ಹೊತ್ತು ಹೋಗದೆ ಪುಸ್ತಕದಂಗಡಿಗೆ ಹೋದೆ. ಅಲ್ಲಿ ಬೆಂಗಳೂರಿನಿಂದ ಪುಸ್ತಕದ ಕಂಪನಿಯ ಪ್ರತಿನಿಧಿಯೊಬ್ಬ ಬಂದಿದ್ದ. ಸೆಕೆಗೆ ಎಲ್ಲರೂ ಅಂಗಿ ಗುಂಡಿ ಬಿಚ್ಚಿಕೊಂಡಿದ್ದರೆ ಅವನು ಮಾತ್ರ ಟೈ ಕಟ್ಟಿಕೊಂಡು, ಪ್ರತಿ ಮಾತಿನ ಕೊನೆಗೂ ಅದನ್ನು ಒಮ್ಮೆ ನೀವಿಕೊಳ್ಳುತ್ತಿದ್ದ. ಯಜಮಾನರು ಅವನ ಮೇಲೆ ಸಿಟ್ಟಾಗಿದ್ದರು. ಕಾಲೇಜಿನವರು ಕೇಳಿದ ಪುಸ್ತಕ ಒಂದು, ಬಂದದ್ದು ಇನ್ನೊಂದು.

“ಹೆಸರು ಅದೇ, ಬರೆದವನೂ ಅವನೇ. ಆದ್ರೆ ಇವ್ರು ಹಳೇದು ಕಳಿಸವ್ರೆ,” ಎಂದು ಯಜಮಾನರು ನನ್ನ ಮುಂದೆ ದೂರಿದರು.

“ನೀವು ಹೆಸರು ಬರೆದು ಕಳಿಸ್ತೀರಿ ಸಾರ್, ಅದೇ ಪ್ರಾಬ್ಲಮ್ಮು,” ಎಂದು ಪ್ರತಿನಿಧಿ ಟೈ ನೀವಿದ. “ನಂಬರ್ ಬರೀರಿ. ಪುಸ್ತಕದ ಹಿಂದ್ಗಡೆ ಇರುತ್ತಲ್ಲ, ಹತ್ತು ಸ್ಥಾನದ್ದು. ಇಂಗ್ಲಿಷ್ ಪುಸ್ತಕಕ್ಕೆ ಸೊನ್ನೆಯಿಂದ ಶುರುವಾಗುತ್ತೆ ನೋಡಿ. ಮೊದಲನೇ ಭಾಗ ಭಾಷೆಯ ಗುಂಪು. ಎರಡನೇದು ಪ್ರಕಾಶಕರು. ಮೂರನೇದು ಈ ಪುಸ್ತಕದ ಈ ರೂಪ. ಬರೀ ಪುಸ್ತಕ ಅಲ್ಲ, ಈ ರೂಪ. ಇದ್ದದ್ದನ್ನೇ ಮತ್ತೆ ಅಚ್ಚು ಹಾಕಿದ್ರೆ ನಂಬರ್ ಅದೇ. ತಿದ್ದಿ ಪರಿಷ್ಕರಣ ಮಾಡಿದ್ರೆ ಹೊಸ ನಂಬರು. ಕಾಗದದ ಹೊದಿಕೆಗೆ ಒಂದು, ಗಟ್ಟಿ ರಟ್ಟಿಗೆ ಇನ್ನೊಂದು. ಹೆಸರು ಒಂದೇ ಇರ್ಬೋದು, ಒಳಗೆ ಪುಟ ಬೇರೆ ಆಗಿರುತ್ತೆ.”

“ಅಂದ್ರೆ,” ಎಂದರು ಯಜಮಾನರು, “ಮರ ಒಂದೇ. ಎಳನೀರಿಗೆ ಒಂದು, ಕಾಯಿಗೆ ಒಂದು, ಕೊಬ್ಬರಿಗೆ ಒಂದು ಅಂತ.”

ಪ್ರತಿನಿಧಿಗೆ ಈ ಹೋಲಿಕೆ ಹಿಡಿಸಿದಂತೆ ಕಾಣಲಿಲ್ಲ. “ಕೊನೇದು ತಾಳೆ ನೋಡೋ ಅಂಕಿ ಸಾರ್. ಬರೆಯೋವಾಗ ತಪ್ಪಾಗಿದ್ರೆ ಗೊತ್ತಾಗ್ಲಿ ಅಂತ. ಲೆಕ್ಕ ಹತ್ತು ಬಂದ್ರೆ ಒಂದೇ ಮನೇಲಿ ಹತ್ತು ಬರೆಯೋಕಾಗಲ್ಲ. ಅದಕ್ಕೆ ಎಕ್ಸ್ ಹಾಕ್ತಾರೆ.”

ಅಷ್ಟು ಹೊತ್ತು ಅವನು ಟೈ ನೀವಿಕೊಳ್ಳುವುದನ್ನು ಹೇಗೆ ಮಾಡಿ ತೋರಿಸಬಹುದೆಂದು ನೋಡುತ್ತಿದ್ದ ನಾನು ಟೈಯನ್ನು ಮರೆತೆ. ಹರಿದು ಹಾಕಲು ಮನಸ್ಸು ಬಾರದೆ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದ ಆ ಕಾರ್ಡನ್ನು ತೆಗೆದು ಮುಂದೆ ಹಿಡಿದೆ. ಅವನು ಚೀಲದಿಂದ ಕಂಪನಿಯ ಪಟ್ಟಿ ತೆಗೆದು ಬೆರಳಾಡಿಸಿದ.

“ಕೋಳಿ ಸಾಕಣೆ. ಪರಿಷ್ಕೃತ, ಗಟ್ಟಿ ರಟ್ಟು. ಮುಂದ್ಗಡೆ ಎರಡು ಅಧ್ಯಾಯ ಹೊಸದಾಗಿ ಸೇರಿಸಿದ್ದಾರೆ. ನಿಮ್ಮದು ಹಳೇ ಕಾಗದದ ಕಾಪಿ ಇರ್ಬೇಕು, ಅದರದ್ದು ಬೇರೆ ನಂಬರು ನೋಡಿ ಇಲ್ಲಿ.” ಆಮೇಲೆ ನನ್ನ ಮುಖ ನೋಡಿ, “ಫಾರಂ ಇಟ್ಟಿದೀರಾ?” ಎಂದ.

“ಇಲ್ಲ. ಗೆಳೆಯ ಒಬ್ಬ ಇದ್ದಾನೆ,” ಎಂದೆ. ಅವನಿಗೆ ಅರ್ಥವಾಗಿರಲಾರದು.

ಮನೆಗೆ ಬಂದು ಬೈಂಡಿನ ಕಾಗದ ಬಿಚ್ಚಿದೆ. ಹೇಂಟೆಯ ಬೆನ್ನ ಹಿಂದೆ, ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಸಂಖ್ಯೆಯಿತ್ತು. ಸೊನ್ನೆ ಅದೇ, ಪ್ರಕಾಶಕರ ಅಂಕಿ ಅದೇ, ಆಮೇಲಿನದು ಬೇರೆ, ಕೊನೆಯಲ್ಲಿ ಇಂಟು ಇಲ್ಲ. ಒಳಪುಟದಲ್ಲೂ ಅದನ್ನೇ ಅಚ್ಚು ಮಾಡಿದ್ದರು. ಆ ಪುಟವನ್ನು ಓದುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ. ಅವನ ಹಳೆಯ ಪುಸ್ತಕ ಕಳೆದಿರಬೇಕು, ಇಲ್ಲವೇ ಗಿರಣಿಯ ಇಲಿ ತಿಂದಿರಬೇಕು. ಅದೇ ಹೇಂಟೆ ಇರುವ ಇನ್ನೊಂದನ್ನು ಹುಬ್ಬಳ್ಳಿಯಲ್ಲಿ ಕೊಂಡಿದ್ದಾನೆ. ನನ್ನ ಉತ್ತರಗಳು ಅವನ ಪುಟದಲ್ಲಿ ಅಡ್ಡಾದಿಡ್ಡಿಯಾಗಿ ಬಂದಾಗ ಅನುಮಾನಪಟ್ಟು, ಇದು ಯಾವ ಪುಸ್ತಕ ಎಂದು ತಿಳಿಯಲಿ ಎಂದು ನಂಬರು ಬರೆದಿದ್ದಾನೆ. ಅವನು ನಂಬರು ಬರೆದ. ನಾನು ಮುನಿಸಿಕೊಂಡೆ.

ನಾನು ತರಿಸಲು ಹೇಳಿಬಂದ ರಟ್ಟಿನ ಪುಸ್ತಕ ಬರಲು ತಿಂಗಳ ಮೇಲಾಗುತ್ತದೆ ಎಂದು ಪ್ರತಿನಿಧಿ ಹೇಳಿದ್ದ. ಅಲ್ಲಿಯವರೆಗೆ ಅವನ ಮಾತು ನನ್ನ ಕೈಯಲ್ಲೇ ಇದ್ದು ನನಗೆ ಕೇಳಿಸುವಂತಿರಲಿಲ್ಲ. ತಡೆಯಲಾರದೆ ಕನ್ನಡದಲ್ಲೇ ಒಂದು ಕಾರ್ಡು ಬರೆದೆ: ‘ನಿನ್ನ ಪುಸ್ತಕ ನನ್ನಲ್ಲಿಲ್ಲ. ಏನು ಹೇಳಿದೆಯೋ ಇನ್ನೊಮ್ಮೆ ಹೇಳು.’ ಅದು ಗಿರಣಿಯಿಂದ ಹಾಗೇ ವಾಪಸು ಬಂತು. ವಿಳಾಸದ ಮೇಲೆ, ‘ಕೆಲಸ ಬಿಟ್ಟು ಹೋಗಿದ್ದಾರೆ.’ ಇದನ್ನು ಮಾತ್ರ ಪೋಸ್ಟ್ ಮೇಷ್ಟ್ರು ಅಂಕಿಯ ತೊಂದರೆಯಿಲ್ಲದೆ ಓದಿದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಅವನಪ್ಪ ನಮ್ಮ ಜಗುಲಿಗೆ ಬಂದು ಕೂತರು. ನಾನು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆ.

“ಎಲ್ಲವ್ನೆ ಅಂವ?”

“ಗೊತ್ತಿಲ್ಲ ದೊಡ್ಡಪ್ಪ.”

“ನಿಂಗೆ ಗೊತ್ತಿಲ್ದಂಗೆ ಇರ್ತದಾ? ಅಷ್ಟೊಂದು ನಂಬರ್ ಬರೀತಿದ್ದ.”

“ನಂಬರ್ ಅದೆ. ಪುಸ್ತಕ ಇಲ್ಲ.”

ಅವರು ನನ್ನನ್ನೇ ನೋಡಿದರು. “ಮನೆ ಹಾಳಾಗ್ತಾ ಇರೋ ಹೊತ್ತಲ್ಲೂ ನಿನ್ನ ಆಟ ಬುಡ್ಲಿಲ್ವಲ್ಲೋ.”

ಜೀವಮಾನದಲ್ಲಿ ಒಮ್ಮೆ ಪೂರ್ತಿ ನಿಜ ಹೇಳಿದ್ದೆ. ಅದು ಯಾರ ಥರ ಇದೆಯೆಂದು ಅವರು ಹುಡುಕುತ್ತಿದ್ದರು. ಇಷ್ಟು ವರ್ಷ ಎಲ್ಲರನ್ನೂ ಆಡಿಕೊಂಡವನ ಮಾತಿಗೆ ಯಾರೂ ಕಿವಿಗೊಡುವುದಿಲ್ಲ ಎಂಬುದು ನನಗೆ ಆ ಜಗುಲಿಯಲ್ಲಿ ತಿಳಿಯಿತು. ಅವರು ಎದ್ದು ಹೋದ ಮೇಲೆ ಅಜ್ಜಿ ಕೂಡ ಕೇಳಿದಳು, “ನಿಜವಾಗ್ಲೂ ಗೊತ್ತಿಲ್ವೇನ್ಲಾ ಮಗಾ?”

ಪುಸ್ತಕ ಬಂತು. ಯಜಮಾನರು ಅದನ್ನು ಪಾರ್ಸೆಲ್ಲಿನ ಕಾಗದ ಬಿಚ್ಚದೆಯೇ ಕೈಗಿಟ್ಟರು. ಬಸ್ಸಿನವರೆಗೂ ಕಾಯಲಾಗದೆ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು, ಎಲ್ಲರೂ ನೋಡುತ್ತಿದ್ದಂತೆಯೇ ರಟ್ಟಿನ ಹೇಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ತೆರೆದೆ.

ಹಳೆಯ ಕಾರ್ಡುಗಳ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಹಿಂಡಿನಿಂದ ಬೇರೆ ಇಡು ಎಂದು ನಾನು ಓದಿದ್ದ ಜಾಗದಲ್ಲಿ, ‘ಜ್ವರ ಬಂದ ಹಕ್ಕಿ ಜೊತೆಯಿದ್ದರೆ ಬೇಗ ಚೇತರಿಸಿಕೊಳ್ಳುತ್ತದೆ’ ಎಂದಿತ್ತು. ಕೂಗುವ ಹುಂಜದ ಜಾಗದಲ್ಲಿ, ‘ಇಕ್ಕಟ್ಟಾದ ಗೂಡಿನಲ್ಲಿ ಅವು ಬಹುಕಾಲ ಬಾಳುವುದಿಲ್ಲ.’ ಮೂರನೆಯ ಕಾರ್ಡಿನ ಸಾಲುಗಳನ್ನು ಒಂದೊಂದಾಗಿ ತೆಗೆದೆ. ‘ಹಳೆಯ ಗೂಡಿಗೆ ಮರಳಿಸಬಾರದು.’ ‘ಇಪ್ಪತ್ತೊಂದನೆಯ ದಿನ ಮರಿ ಚಿಪ್ಪೊಡೆದು ಹೊರಬರುತ್ತದೆ.’ ‘ರೈಲಿನಲ್ಲಿ ಬರುವ ಮರಿಗಳನ್ನು ನಿಲ್ದಾಣದಲ್ಲಿ ಖುದ್ದು ನಿಂತು ಬರಮಾಡಿಕೊಳ್ಳಬೇಕು.’ ‘ಬೆಳಗಿನ ತಂಪು ಹೊತ್ತು ಇದಕ್ಕೆ ತಕ್ಕದ್ದು.’ ‘ದಾರಿಯಲ್ಲಿ ಒಮ್ಮೆ ನೀರು ಕೊಟ್ಟರೆ ಮುಂದಿನ ದೂರವನ್ನು ತಾಳಿಕೊಳ್ಳುತ್ತವೆ.’

ಇಪ್ಪತ್ತೊಂದನೆಯ ತಾರೀಖು ಎಂದೋ ಕಳೆದುಹೋಗಿತ್ತು.

ಇನ್ನೊಂದನ್ನು ನೋಡಬಾರದಿತ್ತು, ನೋಡಿದೆ. ನಾನು ಕಳಿಸಿದ ಆ ಕಹಿ ಸಾಲಿನ ಪುಟ ತೆಗೆದೆ. ಕೋಳಿಗೆ ಕಾಳು ಹಾಕುವುದು ದಂಡ ಎಂದು ನಾನು ಬರೆದದ್ದು ರಟ್ಟಿನ ಪುಸ್ತಕದಲ್ಲಿ ಹೀಗಿತ್ತು: ‘ಗೊತ್ತಾದ ಹೊತ್ತಿಗೆ ತಪ್ಪದೆ ನೀರು ಸಿಗುವುದು.’ ಬರುತ್ತೇನೆ ಎಂದೇ ಅವನು ಓದಿಕೊಂಡಿರಬೇಕು. ನನಗೂ ಅದೇ ಪುಸ್ತಕ ಸಿಕ್ಕಿದೆ ಎಂದು ನೆಮ್ಮದಿಯಾಗಿ ಕಾರ್ಡನ್ನು ಮಡಿಸಿಟ್ಟುಕೊಂಡಿರಬೇಕು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ತಿಪಟೂರಿನ ರೈಲು ನಿಲ್ದಾಣಕ್ಕೆ ಹೋದೆ. ಯಾಕೆ ಹೋದೆ ಎಂದರೆ ಹೇಳಲಾರೆ. ಅರಸೀಕೆರೆ ಕಡೆಯಿಂದ ಗಾಡಿ ಬಂತು. ಬಾಗಿಲಿನಲ್ಲಿ ನಿಂತವರು ಯಾರನ್ನೋ ಹುಡುಕುತ್ತಿದ್ದರು. ಕೆಲವರಿಗೆ ಸಿಕ್ಕರು. ಎಳನೀರು ಮಾರುವವನನ್ನು ಕೇಳಿದೆ, ಒಂದೆರಡು ತಿಂಗಳ ಕೆಳಗೆ ಉದ್ದನೆಯ ಮನುಷ್ಯನೊಬ್ಬ ಇಳಿದು ಆ ಕಡೆ ಈ ಕಡೆ ನೋಡಿದನೇ ಎಂದು.

“ದಿನಾ ಎಷ್ಟೋ ಜನ ಇಳೀತಾರೆ ಕಣಣ್ಣ. ನಾನು ಕಾಯಿ ನೋಡ್ಲೋ ಮಕ ನೋಡ್ಲೋ,” ಎಂದ. “ನಿಂಗೊಂದು ಕೆತ್ಲಾ?”

ಬೇಡ ಎಂದೆ. ಗಾಡಿ ನಿಲ್ಲುವುದು ಬಹಳ ಸ್ವಲ್ಪ ಹೊತ್ತು. ಆದರೆ ಕಾಯುವವನು ಪ್ಲಾಟ್‌ಫಾರಂ ಪೂರ್ತಿ ಎರಡು ಸಲ ನೋಡಬಹುದಾದಷ್ಟು ಹೊತ್ತು.

ಚಳಿ ಹಿಡಿಯುವ ಹೊತ್ತಿಗೆ ದೊಡ್ಡಪ್ಪನಿಗೆ ಕಾಗದ ಬಂತು. ಅವನು ಸೈನ್ಯಕ್ಕೆ ಸೇರಿದ್ದ. ಬೆಂಗಳೂರಿನಲ್ಲಿ ಆಯ್ಕೆಯಾಗಿ, ಅಲ್ಲಿಂದ ಉತ್ತರದ ಕಡೆ ತರಬೇತಿಗೆ ಕಳಿಸಿದ್ದರು. ಒಬ್ಬನೇ ಮಗ, ಮೊದಲೇ ಹೇಳಿದರೆ ಬಿಡುವುದಿಲ್ಲವೆಂದು ಹೇಳಲಿಲ್ಲ, ಕ್ಷಮಿಸಬೇಕು, ಅವ್ವನಿಗೆ ಹೇಳಬೇಕು, ಎಂದು ಬರೆದಿದ್ದ. ಊರಿನವರ ಆರೋಗ್ಯವನ್ನೆಲ್ಲ ವಿಚಾರಿಸಿದ್ದ. ನನ್ನ ಆರೋಗ್ಯದ ಮಾತಿರಲಿಲ್ಲ. ಆ ಕಾಗದವನ್ನು ದೊಡ್ಡಪ್ಪನಿಗೆ ಓದಿ ಹೇಳಿದವನು ನಾನೇ. ಎರಡು ಸಲ ಓದಿಸಿದರು. ಎರಡು ಸಲವೂ ಇರಲಿಲ್ಲ.

ಉತ್ತರ ಬರೆಯಲು ಕೂತಾಗ ದೊಡ್ಡಪ್ಪ ಕಂಬಕ್ಕೊರಗಿ ಹೇಳಿದರು, ನಾನು ಬರೆದೆ.

“ಬರಿ. ನಿಮ್ಮವ್ವ ಊಟ ಬುಟ್ಟವ್ಳೆ ಅಂತ ಬರಿ.”

ಒಳಗಿನಿಂದ ದೊಡ್ಡವ್ವನ ದನಿ ಬಂತು. “ನಾನ್ಯಾಕೆ ಬುಡ್ಲಿ. ಈಗ ಮುದ್ದೆ ಉಂಡೆ.”

“ನೀ ಸುಮ್ಕಿರೇ. ಬರಿ ನೀನು. ಹೆಣ್ಣಿನ ಕಡೆಯೋರಿಗೆ ಏನು ಹೇಳ್ಲಿ ಅಂತ ಬರಿ. ಗುಂಡು ಹಾರೋ ಕಡೆ ಮುಂದ್ ಹೋಗ್ಬ್ಯಾಡ ಅಂತ ಬರಿ.”

“ಅಲ್ಲಿ ಹೋಗ್ಲೇಬೇಕಾಗ್ತದೆ ದೊಡ್ಡಪ್ಪ.”

“ಹಂಗಾದ್ರೆ ತಲೆ ಬಗ್ಸು ಅಂತ ಬರಿ.”

ಅವರ ಸಿಟ್ಟು, ಅವರ ತಡವರಿಕೆ, ಕೊನೆಯಲ್ಲಿ ಇಳಿದ ದನಿ ಎಲ್ಲವೂ ಕಾಗದದ ಮೇಲೆ ಅವರ ಹಾಗೇ ಬಂದವು. ಆ ಕೆಲಸ ನನಗೆ ಬರುತ್ತಿತ್ತು. ಇನ್‌ಲ್ಯಾಂಡಿನ ಕೆಳಗೆ ಮೂರು ಬೆರಳಿನಷ್ಟು ಜಾಗ ಉಳಿಯಿತು.

“ನಿಂದೇನಾರ ಇದ್ರೆ ಬರ್ಕೊ,” ಎಂದರು.

ಒಂದು ತಮಾಷೆ ಹೊಳೆಯಿತು, ಬಿಟ್ಟೆ. ಇನ್ನೊಂದು ಹೊಳೆಯಿತು, ಅದನ್ನೂ ಬಿಟ್ಟೆ. ಕೊನೆಗೆ ಬರೆದೆ: ‘ನಿನ್ನದು ರಟ್ಟಿನ ಪುಸ್ತಕ, ನನ್ನದು ಕಾಗದದ್ದು. ನೀನು ಬರೆದದ್ದು ನನಗೆ ತಿಳಿದದ್ದು ಗಾಡಿ ಹೋಗಿ ಎಷ್ಟೋ ದಿನದ ಮೇಲೆ. ನಾನು ಬರುತ್ತೇನೆ ಎಂದು ಬರೆದಿರಲಿಲ್ಲ, ಬೇರೇನೋ ಬರೆದಿದ್ದೆ. ತಿಳಿದಿದ್ದರೆ ಹಿಂದಿನ ದಿನವೇ ಬಂದು ನಿಂತಿರುತ್ತಿದ್ದೆ. ಇಲ್ಲಿ ನನಗೆ ಹೊತ್ತು ಹೋಗುವುದಿಲ್ಲ.’

“ಏನ್ ಬರ್ದೆ, ಓದು,” ಎಂದರು ದೊಡ್ಡಪ್ಪ.

ಓದಿದೆ. ನಡುವೆ ಒಂದು ಕಡೆ ಗಂಟಲು ಕಟ್ಟಿತು. ಸರಿಮಾಡಿಕೊಳ್ಳದೆ ಹಾಗೇ ಓದಿ ಮುಗಿಸಿದೆ. ದೊಡ್ಡಪ್ಪ ಕತ್ತು ವಾರೆ ಮಾಡಿ ಕೇಳುತ್ತಿದ್ದವರು, “ಇದ್ಯಾರ ಥರ ಮಾಡ್ತಾ ಇದೀಯಾ?” ಎಂದರು.

“ಯಾರ ಥರಾನೂ ಇಲ್ಲ ದೊಡ್ಡಪ್ಪ. ನಂದೇ.”

“ಹಂಗಾ,” ಎಂದು ಅವರು ಕಾಗದ ಇಸಕೊಂಡು, ನಾಲಿಗೆಯಿಂದ ಅಂಚು ಒದ್ದೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದರು.